ಈಕ್ವಿಟಿ: ಒಂದು ಪದ ನಡೆದ ದಾರಿ

ನಮ್ಮ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ‘ಈಕ್ವಿಟಿ’ ಎಂದರೆ ಷೇರು ಬಂಡವಾಳ. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 1999ರಲ್ಲಿ ‘ಪಾಲಿಸಿಲಿಂಕ್’ ಸಂಸ್ಥೆ ಕಟ್ಟಿದ ವಕೀಲೆ ಏಂಜೆಲಾ ಗ್ಲೋವರ್ ಬ್ಲ್ಯಾಕ್‌ವೆಲ್ ಅವರ ಬಾಯಲ್ಲಿ ಅದೇ ಪದ ಜನಾಂಗೀಯ ನ್ಯಾಯ. ಇವೆರಡು ಅರ್ಥಗಳಿಗೂ ಹಳೆಯ ನಂಟಿದೆ.

ಮೂಲ, ಲ್ಯಾಟಿನ್ನಿನ ‘ಐಕ್ವುಸ್’: ಸಮತಟ್ಟು, ಏರುತಗ್ಗಿಲ್ಲದ್ದು. ಇಂಗ್ಲೆಂಡಿನಲ್ಲಿ ಅದು ಕೋರ್ಟಿನ ಮೆಟ್ಟಿಲು ಹತ್ತಿತು. ಜಮೀನು ಅಡವಿಟ್ಟವನು ಗಡುವಿನ ದಿನ ಹಣ ಕಟ್ಟದಿದ್ದರೆ ಜಮೀನು ಹೋದಂತೆಯೇ. ಮಾರನೆಯ ದಿನ ಗಂಟು ಹೊತ್ತು ತಂದರೂ ಕಾನೂನು ಕೇಳುತ್ತಿರಲಿಲ್ಲ. ಹೀಗೆ ಕಳೆದುಕೊಂಡವರು ಚಾನ್ಸರಿ ನ್ಯಾಯಾಲಯದ ಮೊರೆಹೊಕ್ಕರು. ಅಕ್ಷರಕ್ಕಿಂತ ಧರ್ಮ ದೊಡ್ಡದೆಂದು ಅದು ನೀಡುತ್ತಿದ್ದ ನ್ಯಾಯಕ್ಕೆ ಈಕ್ವಿಟಿ ಎಂದು ಹೆಸರು. ಗಡುವು ಮೀರಿದರೂ ಸಾಲ ತೀರಿಸಿ ಬಿಡಿಸಿಕೊಳ್ಳುವ ಹಕ್ಕು ಹದಿನೇಳನೆಯ ಶತಮಾನದಲ್ಲಿ ಅಲ್ಲಿ ಗಟ್ಟಿಯಾಯಿತು. ನಮ್ಮ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 60ನೇ ಕಲಮಿನಲ್ಲಿ ಇರುವುದೂ ಆ ಬಿಡಿಸಿಕೊಳ್ಳುವ ಹಕ್ಕೇ. ಬರಬರುತ್ತಾ ಹಕ್ಕಿನ ಹೆಸರು ಆಸ್ತಿಯ ಹೆಸರಾಯಿತು: ಮನೆಯ ಬೆಲೆಯಲ್ಲಿ ಸಾಲ ಕಳೆದು ಮನೆಯವರಿಗೆ ಉಳಿಯುವ ಪಾಲು; ಕಂಪನಿಯಲ್ಲಾದರೆ ಷೇರುದಾರರ ಪಾಲು.

ಅಮೆರಿಕದಲ್ಲಿ ಎಷ್ಟೋ ಬಿಳಿಯ ಕುಟುಂಬಗಳು ಮಕ್ಕಳನ್ನು ಓದಿಸಿದ್ದು, ಅಂಗಡಿ ಇಟ್ಟದ್ದು ಈ ಪಾಲಿನ ಬಲದಿಂದ. ಕರಿಯರಿಗೆ ಅದು ಸಿಗದಂತೆ ಸರ್ಕಾರವೇ ನೋಡಿಕೊಂಡಿತು. 1930ರ ದಶಕದಲ್ಲಿ ಗೃಹಸಾಲಕ್ಕಾಗಿ ಬರೆಸಿದ ನಗರ ನಕ್ಷೆಗಳಲ್ಲಿ ಅವರ ಕೇರಿಗಳಿಗೆ ಅಪಾಯದ ಕೆಂಪು ಬಣ್ಣ. ಸಾಲಕ್ಕೆ ಖಾತರಿ ಕೊಡುತ್ತಿದ್ದ ಫೆಡರಲ್ ವಸತಿ ಆಡಳಿತವೂ ಅವರನ್ನು ದೂರವಿಟ್ಟಿತು. ಹೀಗೆ ಕೆಂಪು ಬಳಿಸಿಕೊಂಡ ಪಶ್ಚಿಮ ಓಕ್‌ಲ್ಯಾಂಡಿನ ಪಾಡು ಅಷ್ಟಕ್ಕೇ ಮುಗಿಯಲಿಲ್ಲ. 1957ರಲ್ಲಿ ಸೈಪ್ರೆಸ್ ಎಂಬ ಎರಡಂತಸ್ತಿನ ಹೆದ್ದಾರಿ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ಕರಿಯರ ಅಂಗಡಿ, ಸಂಗೀತದ ಕ್ಲಬ್ಬುಗಳಿದ್ದ ಏಳನೇ ಬೀದಿಯ ಮೇಲೆ ರೈಲಿನ ಎತ್ತರದ ಹಳಿ ಬಂತು. 1989ರ ಭೂಕಂಪದಲ್ಲಿ ಹೆದ್ದಾರಿ ಕುಸಿದಾಗ ಅದೇ ಜಾಗದಲ್ಲಿ ಮತ್ತೆ ಕಟ್ಟಲು ಜನ ಬಿಡಲಿಲ್ಲ. ಅಲ್ಲೀಗ ಮಂಡೇಲಾ ಪಾರ್ಕ್‌ವೇ ಇದೆ.

ಬ್ಲ್ಯಾಕ್‌ವೆಲ್ 1987ರಲ್ಲಿ ‘ಅರ್ಬನ್ ಸ್ಟ್ರಾಟಜೀಸ್ ಕೌನ್ಸಿಲ್’ ಕಟ್ಟಿದ್ದು ಇದೇ ಓಕ್‌ಲ್ಯಾಂಡಿನಲ್ಲಿ. ಒಂದೊಂದೇ ಕೇರಿಯನ್ನು ಹಿಡಿದು ಕೆಲಸ ಮಾಡಿದರೆ ಸಾಲದು, ಇಡೀ ಪ್ರದೇಶದ ಆರ್ಥಿಕತೆಯ ಲೆಕ್ಕ ಕೇಳಬೇಕು ಎಂಬುದು ಪಾಲಿಸಿಲಿಂಕ್‌ನ ಪಟ್ಟು. ಬಡವರ ಮನೆ ಒಂದು ಕಡೆ, ಉದ್ಯೋಗ ಹೊರವಲಯದ ಇನ್ನೊಂದು ಕಡೆ, ನಡುವೆ ಬಸ್ಸಿಲ್ಲ. ರಸ್ತೆಯ ದುಡ್ಡು ಎಲ್ಲಿ ಸುರಿಯಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಅವರಿಲ್ಲ. ಹಾಗಾಗಿ ಸಂಸ್ಥೆ ‘ರೀಜನಲ್ ಈಕ್ವಿಟಿ’, ಅಂದರೆ ಇಡೀ ಪ್ರದೇಶಕ್ಕೆ ನ್ಯಾಯ, ಎಂದಿತು. ಎಲ್ಲರನ್ನೂ ಒಳಗೊಳ್ಳದ ಆರ್ಥಿಕತೆ ಬೆಳೆಯಲಾರದು ಎಂದು 2011ರಲ್ಲಿ ವಾದಿಸಿತು. 2014ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆಗೂಡಿ ಪ್ರದೇಶವಾರು ಅಂಕಿಅಂಶಗಳನ್ನು ಎಲ್ಲರ ಕೈಗೆ ಕೊಟ್ಟಿತು. ಇದನ್ನು ನಾನು ದೊಡ್ಡ ಕೆಲಸವೆನ್ನುತ್ತೇನೆ. ಈಕ್ವಿಟಿಯನ್ನು ಬರೀ ಸದ್ಭಾವನೆಯ ಮಾತಾಗಲು ಬಿಡದೆ ಮನೆ, ಸಂಬಳ, ಸಾರಿಗೆಯ ಲೆಕ್ಕಕ್ಕೆ ಪಾಲಿಸಿಲಿಂಕ್ ಕಟ್ಟಿಹಾಕಿತು.

2021ರ ಜನವರಿ 20ರಂದು ಅಧ್ಯಕ್ಷ ಬೈಡನ್ ಅಧಿಕಾರಕ್ಕೆ ಬಂದ ದಿನವೇ ಜನಾಂಗೀಯ ಈಕ್ವಿಟಿಗಾಗಿ ಆದೇಶ ಹೊರಡಿಸಿದರು. ಸರಿಯಾಗಿ ನಾಲ್ಕು ವರ್ಷಕ್ಕೆ, 2025ರ ಅದೇ ತಾರೀಖಿನಂದು, ಟ್ರಂಪ್ ಅದನ್ನು ರದ್ದುಪಡಿಸಿದರು. ಚಾನ್ಸರಿಯ ಬಾಗಿಲಲ್ಲಿ ಸಾಲಗಾರ ಕೇಳಿದ್ದು ತನ್ನದನ್ನು ಬಿಡಿಸಿಕೊಳ್ಳಲು ಅವಕಾಶ. ಕೆಂಪು ಬಳಿದ ಕೇರಿಗಳ ಮೊಮ್ಮಕ್ಕಳು ಕೇಳುತ್ತಿರುವುದು ಅದಕ್ಕಿಂತ ಹೆಚ್ಚಿನದೇನಲ್ಲ.