ಹಳೇ ಎಂಜಿನ್ ಕಥಿ, ಭಾಗ 3: ಜೀಪಿನ ಅಸಲಿ ಎಂಜಿನ್

ಮಳಿಗಾಲದಾಗ ನವಲಗುಂದ, ಅಣ್ಣಿಗೇರಿ ಕಡೆ ಎರಿಮಣ್ಣಿನ ದಾರಿ ಹೆಂಗಿರ್ತಾವ ಅಂತ ನಿಮಗ ಗೊತ್ತೈತಿ. ಇಂಥಾ ಕೆಸರು ದಾಟಾಕಂತನ 1941ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಸೈನ್ಯಕ್ಕ ಜೀಪ್ ಮಾಡಿಕೊಟ್ಟಿತು. 1940ರ ದಶಕದ ಕೊನೆಗೆ ಮಹೀಂದ್ರಾ ಅದನ್ನ ಮುಂಬೈದಾಗ ಜೋಡಿಸಾಕ ಶುರು ಮಾಡಿತು.

ಅಸಲಿ ಎಂಜಿನ್ ಪೆಟ್ರೋಲಿಂದು: 4 ಸಿಲಿಂಡರ್, 2.2 ಲೀಟರ್, 60 ಅಶ್ವಶಕ್ತಿ. ಮುಂದ ಡೀಸೆಲ್ ಅಗ್ಗ ಅಂತ ಎಷ್ಟೋ ಮಂದಿ ಅದನ್ನ ಇಳಿಸಿ ಗುಜರಿಗೆ ಹಾಕಿದ್ರು.

ಆದ್ರ ಅದು ಎರಕದ ಕಬ್ಬಿಣದ ಬ್ಲಾಕ್. ಸಿಲಿಂಡರ್ ಸವೆದಿದ್ರ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಟ್ಯೂನಿಂಗಿಗೆ ಕಂಪ್ಯೂಟರ್ ಬ್ಯಾಡ: ಪಾಯಿಂಟ್ ಗ್ಯಾಪಿಗೆ ಫೀಲರ್ ಗೇಜ್, ಕಾರ್ಬುರೇಟರಿಗೆ ಸ್ಕ್ರೂಡ್ರೈವರ್, ಕಿಡಿ 1-3-4-2 ಸರದಿಯಾಗ. ಉಳಿದದ್ದು ಮಿಸ್ತ್ರಿಯ ಕಿವಿ.

ಆ ಕಿವಿ ಇರೋ ಮಿಸ್ತ್ರಿಗಳಿಗೂ ಈಗ ವಯಸ್ಸಾಗೈತಿ. ನಿಮ್ಮೂರಾಗ ಇಂಥಾ ಎಂಜಿನ್ ಬಿದ್ದಿದ್ರ, ತೂಕಕ್ಕ ಹಾಕೋ ಮೊದಲ ಅವರ ಕಡೆ ಒಂದ್ಸಲ ಬಿಚ್ಚಿಸಿ ನೋಡ್ರಿ. ಹಂಗ ಬಾಜೂಕ ನಿಂತು ಕಲ್ತೂಬಿಡ್ರಿ.