ಅತ್ತೆಯ ಹರಕೆ ಮತ್ತು ಬೇಸಿಗೆಯ ಬಿಸಿಲು



ನಮ್ಮ ಸೋದರತ್ತೆಯನ್ನ ನ್ಯಾಮತಿ ಕಡೆಗೆ ಕೊಟ್ಟಿದ್ರು. ಆಗ ನ್ಯಾಮತಿ ಹೊನ್ನಾಳಿ ತಾಲ್ಲೂಕಲ್ಲಿತ್ತು, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ಅತ್ತೆಗೆ ಮೊಣಕೈ, ಮೊಣಕಾಲು, ತಲೆಯೆಲ್ಲಾ ಬಿಳೀ ಹುರುಪೆ. ಊರಿನವರು ಮುಟ್ಟಲ್ಲ ಅನ್ನೋದು ಹಳೇ ಮಾತು. ಇವಳಿಗೆ ನಮ್ಮ ಕೇರಿಯವರೇ ಲೋಟ ಬೇರೆ ಇಟ್ಟರು. ಕೊನೆಗೆ ಚಂದ್ರಗುತ್ತಿ ರೇಣುಕಾಂಬೆಗೆ ಬೆತ್ತಲೆ ಸೇವೆಯ ಹರಕೆ ಹೊತ್ತಳು, ತೀರಿಸಿಯೂ ಬಂದಳು.

1986ರ ಮಾರ್ಚ್‌ನಲ್ಲಿ ಅದೇ ಚಂದ್ರಗುತ್ತಿಯಲ್ಲಿ ನಡೆದದ್ದು ನಿಮಗೆ ಗೊತ್ತು. ಸೇವೆ ತಡೆಯೋಕೆ ಹೋದ ದಲಿತ ಸಂಘರ್ಷ ಸಮಿತಿಯವರಿಗೆ ಹೊಡೆದರು, ಪೊಲೀಸರನ್ನೇ ಬೆತ್ತಲೆ ಮಾಡಿ ಮೆರೆಸಿದರು. ಆಮೇಲೆ ಸರ್ಕಾರ ನಿಷೇಧ ಹಾಕಿತು. ಉಚ್ಚಂಗಿದುರ್ಗದಲ್ಲಿ ಭರತ ಹುಣ್ಣಿಮೆಗೆ ಬೇವಿನುಡುಗೆ. ಕುಕ್ಕೆಯಲ್ಲಿ ಚಂಪಾ ಷಷ್ಠಿಗೆ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉರುಳುತ್ತಿದ್ದ ಮಡೆಸ್ನಾನ, ಅದೂ ಚರ್ಮರೋಗ ಹೋಗಲಿ ಅಂತಲೇ. 2017ರಲ್ಲಿ ವಿಧಾನಮಂಡಲ ಒಪ್ಪಿದ ಮೌಢ್ಯ ನಿಷೇಧ ಕಾಯ್ದೆ ಜಾರಿಗೆ ಬಂದಿದ್ದು 2020ರಲ್ಲಿ.

ಈ ಚರಿತ್ರೆ ಹೇಳುವಾಗ ನಾವೊಂದು ಪ್ರಶ್ನೆ ಬಿಟ್ಟುಬಿಡ್ತೀವಿ. ಹರಕೆ ತೀರಿಸಿದ ಮೇಲೆ ಅತ್ತೆಯ ಮೈ ನಿಜವಾಗಲೂ ತಿಳಿಯಾಗಿತ್ತಲ್ಲ, ಅದು ಹೇಗೆ? "ಮೌಢ್ಯ ಕಣತ್ತೆ" ಅಂದ್ರೆ ಅವಳು ನಗ್ತಿದ್ದಳು. ಕಣ್ಣಾರೆ ಕಂಡಿದ್ದಳು.

ಅವಳ ಕಾಯಿಲೆ ಸೋರಿಯಾಸಿಸ್ ಅಂತ ಗೊತ್ತಾಗಿದ್ದು ಮುಪ್ಪಿನಲ್ಲಿ. ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಚರ್ಮದ ಮೇಲೆ ತಿರುಗಿಬೀಳುತ್ತೆ. ಸುಮಾರು ಒಂದು ತಿಂಗಳಲ್ಲಿ ಆಗಬೇಕಾದ ಚರ್ಮದ ಬದಲಾವಣೆ ಮೂರ್ನಾಲ್ಕು ದಿನಕ್ಕೇ ಆಗಿ ಹುರುಪೆ ಕಟ್ಟುತ್ತೆ. ಕೊಳಕಿನಿಂದ ಬರೋದಲ್ಲ, ಮುಟ್ಟಿದರೆ ಅಂಟೋದಂತೂ ಅಲ್ಲವೇ ಅಲ್ಲ. ಸಾಮಾನ್ಯವಾಗಿ ಚಳಿಗಾಲದಲ್ಲಿ ಕೆರಳುತ್ತೆ, ಬಿಸಿಲಿಗೆ ಇಳಿಯುತ್ತೆ. ಈಗ ಜಾತ್ರೆಗಳ ತಿಂಗಳು ನೋಡಿ: ಉಚ್ಚಂಗಿ ಮಾಘದಲ್ಲಿ, ಚಂದ್ರಗುತ್ತಿ ಮಾರ್ಚ್‌ನಲ್ಲಿ. ಸೇವೆ ಮುಗಿದ ಬೆನ್ನಿಗೇ ಬೇಸಿಗೆ. ಆಸ್ಪತ್ರೆಗಳಲ್ಲಿ ಯಂತ್ರದಿಂದ ಕೊಡೋ ನೇರಳಾತೀತ ಕಿರಣ ಅತ್ತೆಗೆ ಹೊಲದಲ್ಲೇ ಸಿಕ್ಕಿತ್ತು. ಕೀರ್ತಿ ಮಾತ್ರ ದೇವಿಗೆ ಹೋಯ್ತು. ಮತ್ತೆ ಚಳಿ ಬಂತು, ಹುರುಪೆ ಎದ್ದಿತು. "ಸೇವೆಯಲ್ಲಿ ಲೋಪ ಆಗಿದೆ" ಅಂದರು. ಮತ್ತೊಂದು ಹರಕೆ.

ಬೇರು ಸಮೇತ ಕೀಳೋ ಮದ್ದು ಇನ್ನೂ ಇಲ್ಲ, ಆದರೆ ಹತೋಟಿಗೆ ತರಬಹುದು: ಮುಲಾಮು, ಬೆಳಕಿನ ಚಿಕಿತ್ಸೆ, ಮೆಥೊಟ್ರೆಕ್ಸೇಟ್ ಮಾತ್ರೆ. ಈ ಮಾತ್ರೆ ವಾರಕ್ಕೊಂದೇ ದಿನ, ರಕ್ತಪರೀಕ್ಷೆ ಮಾಡಿಸಿಕೊಂಡು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮೆಡಿಕಲ್ ಶಾಪಿನವನು ಕೊಟ್ಟ ಸ್ಟೆರಾಯ್ಡ್ ಟ್ಯೂಬನ್ನ ತಿಂಗಳುಗಟ್ಟಲೆ ಬಳಿದುಕೊಂಡು ಚರ್ಮ ತೆಳ್ಳಗೆ ಮಾಡಿಕೊಂಡವರನ್ನೂ ನೋಡಿದ್ದೀನಿ.

ಹೋದ ತಿಂಗಳು ಚನ್ನಗಿರಿಯಲ್ಲಿ ಅಡಿಕೆ ಸುಲಿಯೋ ಅಕ್ಕ ಒಬ್ಬರು ಬಿರುಕು ಬಿಟ್ಟ ಅಂಗೈ ತೋರಿಸಿ, "ಯಾವ ದೇವರಿಗೆ ಹೇಳಿಕೊಳ್ಳಲಿ ತಮ್ಮಾ?" ಅಂದರು. ಸೋರಿಯಾಸಿಸ್ಸೋ ಇಸುಬೋ, ಹೇಳೋಕೆ ನಾನು ಡಾಕ್ಟರಲ್ಲ. ಸೋಮವಾರ ಅವರ ಜೊತೆ ದಾವಣಗೆರೆ ಜಿಲ್ಲಾಸ್ಪತ್ರೆಗೆ ಹೋಗ್ತಿದ್ದೀನಿ. ನಿಮ್ಮ ಕೇರಿಯಲ್ಲೂ ಇಂಥವರಿದ್ದರೆ ಕರ್ಕೊಂಡು ಬನ್ನಿ.