ಬೆಟ್ಟದ ಪಾದದಿಂದ ಮೇಲಕ್ಕೆ: ಚಾಮುಂಡಿ ಬೆಟ್ಟದ ಕಾಲುದಾರಿಯ ಇತಿಹಾಸ

ರಾಜೀವನಗರದಂತಹ ಬಡಾವಣೆಗಳು ತಲೆಯೆತ್ತಿ ಮೈಸೂರು ನಗರ ಎಲ್ಲ ದಿಕ್ಕಿಗೂ ಹಬ್ಬಿದ್ದರೂ, ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರದ ಚಾಮುಂಡಿ ಬೆಟ್ಟದ ನೆತ್ತಿಯ ಮೇಲಿನ ಊರು ತನ್ನದೇ ಗ್ರಾಮ ಪಂಚಾಯಿತಿಯುಳ್ಳ ಹಳ್ಳಿಯಾಗಿಯೇ ಉಳಿದುಬಂದಿದೆ. ಪ್ರವಾಸೋದ್ಯಮವೆಂಬ ಮಾತು ಬಳಕೆಗೆ ಬರುವ ಎಷ್ಟೋ ಶತಮಾನಗಳ ಮೊದಲೇ ಪರಸ್ಥಳದವರು ಬಂದುಹೋಗುತ್ತಿದ್ದ ಈ ಹಳ್ಳಿಯ ಹಿಂದಿನ ಕಥೆಯನ್ನು ಅರಸರ ಕಾಣಿಕೆಗಳಿಂದ ತಿಳಿಯುವಷ್ಟೇ ಅಲ್ಲಿಗೆ ಹತ್ತುವ ದಾರಿಯಿಂದಲೂ ತಿಳಿಯಬಹುದು.

ಬೆಟ್ಟದ ಹಳೆಯ ಹೆಸರು ಮಹಾಬಲಾದ್ರಿ. ಇಲ್ಲಿನ ಮಹಾಬಲೇಶ್ವರನ ಗುಡಿ ಚಾಮುಂಡೇಶ್ವರಿಯ ಈಗಿನ ದೇವಾಲಯಕ್ಕಿಂತ ಹಳೆಯದು. ಮಾರ್ಬಳ ತೀರ್ಥವೆಂದು ಶಾಸನೋಕ್ತವಾದ ಈ ಕ್ಷೇತ್ರಕ್ಕೆ ಹೊಯ್ಸಳ ವಿಷ್ಣುವರ್ಧನನು 1128ರಲ್ಲಿ ದತ್ತಿ ಬಿಟ್ಟನೆಂಬುದರಿಂದ, ಹನ್ನೆರಡನೆಯ ಶತಮಾನಕ್ಕಾಗಲೇ ಇಲ್ಲಿ ಪೂಜೆಯೂ ಯಾತ್ರಿಕರ ಓಡಾಟವೂ ಇದ್ದುವೆಂದು ಊಹಿಸಬಹುದು. 1572ರಿಂದ 1576ರವರೆಗೆ ಆಳಿದ ಬೋಳ ಚಾಮರಾಜ ಒಡೆಯರು ದೇವರ ದರ್ಶನಕ್ಕೆ ಬೆಟ್ಟಕ್ಕೆ ಹೋಗಿದ್ದಾಗ ಸಿಡಿಲೆರಗಿ, ಪ್ರಾಣಕ್ಕೆ ಅಪಾಯವಾಗದೆ ತಲೆಗೂದಲು ಮಾತ್ರ ಸುಟ್ಟುಹೋಯಿತೆಂದು ಐತಿಹ್ಯ ಹೇಳುತ್ತದೆ. ಸಿಡಿಲಿನ ಮಾತು ನಿಜವೋ ಕಲ್ಪನೆಯೋ, ಅರಸನೇ ಬೆಟ್ಟವೇರಿ ಬರುತ್ತಿದ್ದನೆಂಬ ನೆನಪು ಆ ಕಥೆಯಲ್ಲಿ ಉಳಿದಿದೆಯೆಂಬುದೇ ಇಲ್ಲಿ ಮುಖ್ಯ.

ಈ ದಾರಿಗೆ ಕಲ್ಲಿನ ರೂಪ ಕೊಟ್ಟ ಕೀರ್ತಿಯನ್ನು ಸಂಪ್ರದಾಯವು 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರಿಗೆ ಸಲ್ಲಿಸುತ್ತದೆ. ಬುಡದಲ್ಲಿ, ಅಂದರೆ ಮೈಸೂರಿನವರು ‘ಪಾದ’ ಎಂದು ಕರೆಯುವ ಜಾಗದಲ್ಲಿ ಮೊದಲಾಗುವ ಸಾವಿರ ಮೆಟ್ಟಿಲುಗಳ ಈ ಸಾಲು ಸುಮಾರು ಏಳುನೂರನೆಯ ಮೆಟ್ಟಿಲಿನ ಹೊತ್ತಿಗೆ ನಂದಿಯನ್ನು ಮುಟ್ಟುತ್ತದೆ. ಅದೇ ಅರಸರ ಕಾಲದ ಈ ವಿಗ್ರಹ ಏಕಶಿಲೆಯದು, ಎಂದರೆ ಬೇರೆ ಬೇರೆ ಕಲ್ಲುಗಳನ್ನು ಜೋಡಿಸದೆ ಒಂದೇ ಬಂಡೆಯಿಂದ ಕಡೆದದ್ದು. ಎತ್ತರ ಸುಮಾರು 16 ಅಡಿ, ಉದ್ದ ಸುಮಾರು 25 ಅಡಿ. ಕೊರಳಿನ ಗಂಟೆಸರ, ಮೈಮೇಲಿನ ಹಾರಗಳ ಎಳೆ, ಈಗಲೋ ಆಗಲೋ ಏಳುವಂತೆ ಮಡಿಸಿ ಎತ್ತಿದ ಮುಂಗಾಲು, ಎಣ್ಣೆ ಹೀರಿ ಕಪ್ಪಾದ ಮೈ ಇವೆಲ್ಲ ಹತ್ತಿರ ನಿಂತವರಿಗೆ ಮಾತ್ರ ಕಾಣುವ ಸಂಗತಿಗಳು. ಕಾಲು ಸೋತು ಉಸಿರು ಕಟ್ಟುವ ಹೊತ್ತಿಗೆ ಸರಿಯಾಗಿ ಎದುರಾಗುವ ಈ ನಂದಿ ಪೂಜೆಯ ಮೂರ್ತಿಯಾಗಿರುವಂತೆಯೇ ದಾರಿಹೋಕರ ತಂಗುದಾಣವೂ ಆಗಿದೆ. ಯಾತ್ರಿಕನ ದಣಿವನ್ನು ಬಲ್ಲವರು ಕಲ್ಪಿಸಿದ ದಾರಿಯಿದು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹತ್ತುವುದು ಇಲ್ಲಿ ಸೇವೆಯ ಒಂದು ಭಾಗವೇ ಆಗಿದ್ದಿತು. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರುವ ರೂಢಿ, ಅದರಲ್ಲೂ ಆಷಾಢ ಶುಕ್ರವಾರಗಳಂದು, ಇಂದಿಗೂ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ದೇವಾಲಯವನ್ನು ಜೀರ್ಣೋದ್ಧಾರಗೊಳಿಸಿ ಏಳು ಅಂತಸ್ತಿನ ಗೋಪುರ ಎತ್ತಿಸಿದ ಮೇಲೆ ಬೆಟ್ಟದ ಗುರುತು ದೂರದವರಿಗೂ ಕಾಣುವಂತಾಯಿತಾದರೂ, ಅದರೆಡೆಗೆ ಸಾಗಲು ಸಾಮಾನ್ಯರಿಗಿದ್ದದ್ದು ಅದೇ ಮೆಟ್ಟಿಲು.

ಮೋಟಾರು ರಸ್ತೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಮೆಟ್ಟಿಲು ಹತ್ತುವವನು ನಂದಿಯ ಬಳಿ ಕುಳಿತು ಸುಧಾರಿಸಿಕೊಳ್ಳುತ್ತಾನೆ, ದಾರಿಯಲ್ಲಿ ಎಳನೀರು ಕುಡಿಯುತ್ತಾನೆ, ಹಳ್ಳಿಯ ಅಂಗಡಿಯಲ್ಲಿ ಹೂವು ಹಣ್ಣು ಕೊಳ್ಳುತ್ತಾನೆ; ವಾಹನದಲ್ಲಿ ಬಂದವನು ದರ್ಶನ ಮುಗಿಸಿ ಹೊರಡುವ ಅವಸರದಲ್ಲಿರುತ್ತಾನೆ. ಆಷಾಢ ಶುಕ್ರವಾರಗಳಂದು ಖಾಸಗಿ ವಾಹನಗಳನ್ನು ತಡೆದು ಭಕ್ತರನ್ನು ಲಲಿತಮಹಲ್ ಮೈದಾನದಿಂದ ಬಸ್ಸುಗಳಲ್ಲಿ ಕರೆದೊಯ್ಯಬೇಕಾಗಿ ಬಂದಿರುವುದೇ ಬೆಟ್ಟ ಇಷ್ಟು ವಾಹನಗಳನ್ನು ತಾಳಲಾರದೆಂಬುದಕ್ಕೆ ಸಾಕ್ಷಿ. 2021ರ ಅಕ್ಟೋಬರಿನ ಮಳೆಯಲ್ಲಿ ನಂದಿಯ ಕಡೆಯ ರಸ್ತೆಯ ಅಂಚು ಕುಸಿದಾಗ, ಇಳಿಜಾರನ್ನು ಕಡಿದು ಮಾಡಿದ ರಸ್ತೆಯ ದೌರ್ಬಲ್ಯ ಎಲ್ಲರ ಕಣ್ಣಿಗೆ ಬಿತ್ತು. ಆದರೂ 2022ರ ರಾಜ್ಯ ಆಯವ್ಯಯದಲ್ಲಿ ಪ್ರಕಟವಾದದ್ದು ರೋಪ್‌ವೇ, ಎಂದರೆ ತಂತಿಯ ಮೇಲೆ ತೂಗುತ್ತ ಸಾಗುವ ಡಬ್ಬಿಗಳ ವ್ಯವಸ್ಥೆ. ಮೈಸೂರಿನ ನಾಗರಿಕರು ಅದನ್ನು ಗಟ್ಟಿಯಾಗಿ ವಿರೋಧಿಸಿದರು.

ಊರನ್ನು ನಡೆಯುವವರಿಗೆ ಅನುಕೂಲವಾಗಿ ಯೋಜಿಸುವ ಪಾಠ ಮೈಸೂರಿಗೆ ಹೊಸದೇನಲ್ಲ. ಪ್ಲೇಗಿನ ನಂತರ, 1903ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಸ್ಥಾಪನೆಯಾಗಿ ಅಗಲ ಬೀದಿಗಳ, ಗಾಳಿ ಬೆಳಕಿನ ಬಡಾವಣೆಗಳ ಪರಂಪರೆಗೆ ಅಡಿಪಾಯ ಹಾಕಿತು. ಬಹುಕಾಲದ ನಂತರ, 2017ರ ಜೂನ್‌ನಲ್ಲಿ, ಜಾಗತಿಕ ಪರಿಸರ ನಿಧಿಯ ನೆರವಿನಿಂದ 450 ಸೈಕಲ್‌ಗಳ ‘ಟ್ರಿಣ್ ಟ್ರಿಣ್’ ಯೋಜನೆ ಆರಂಭವಾಯಿತು. ಒಂದು ನಿಲ್ದಾಣದಲ್ಲಿ ಸೈಕಲ್ ತೆಗೆದುಕೊಂಡು ಮತ್ತೊಂದರಲ್ಲಿ ಬಿಡಬಹುದಾದ ಈ ಸಾರ್ವಜನಿಕ ಸೈಕಲ್ ಪದ್ಧತಿ ದೇಶದ ಮೊದಲ ಇಂಥ ಪ್ರಯತ್ನಗಳಲ್ಲೊಂದು. ಆದರೆ ಸೈಕಲ್ ಸವಾರಿಗೆ ಬೇಕಾದದ್ದು ಸೈಕಲ್ಲಿಗಿಂತ ಮೊದಲು ದಾರಿ. ಬಸ್ಸು ಲಾರಿಗಳ ನಡುವೆ ತೂರಿಕೊಂಡು ಪಾದದವರೆಗೆ ಪೆಡಲ್ ತುಳಿಯುವ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ.

ಬೆಟ್ಟದ ಆಡಳಿತಕ್ಕಾಗಿ 2024ರಲ್ಲಿ ಚಾಮುಂಡೇಶ್ವರಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ ಬಂದಿದೆ. ಯಾರ ಕೈಯಲ್ಲಿ ಆಡಳಿತವಿದ್ದರೂ ಮೊದಲ ಖರ್ಚು ಸವೆದ ಮೆಟ್ಟಿಲುಗಳ ದುರಸ್ತಿಗೆ, ಮಳೆನೀರು ಹರಿದುಹೋಗುವ ಚರಂಡಿಗೆ, ಕುಡಿಯುವ ನೀರಿಗೆ, ನಗರದಿಂದ ಪಾದದವರೆಗಿನ ಸೈಕಲ್ ಹಾದಿಗೆ ಸಲ್ಲಬೇಕು. ವಾಹನ ನಿಲುಗಡೆಯ ಮಾತು ಅವೆಲ್ಲವೂ ಆದ ಮೇಲಿನದು.